ಹಳೆಯ ನಂಬರಿನ ಹೊಸ ನಕ್ಷೆ

ಶನಿವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಮಾವ,

ನಿಮಗೂ ಅತ್ತೆಗೂ ಅಕ್ಕರೆಯ ನಮಸ್ಕಾರ. ನಿನ್ನೆ ಎರಡು ಸಲ ಫೋನ್ ಮಾಡಿ, ಸೆಕೆ ಹೇಗಿದೆ, ಅತ್ತೆಯ ಮಂಡಿನೋವು ಹೇಗಿದೆ ಅಂತ ಕೇಳಿ ಇಟ್ಟುಬಿಟ್ಟೆ. ಏನೋ ಹೇಳೋಕೆ ಬಂದು ನುಂಗ್ತಿದೀಯ ಕಣೇ ಅಂದಿರಿ. ನುಂಗಿದ್ದು ನಿಜ. ನಿಮ್ಮಲ್ಲಿ ಉಳಿದಿರುವ ಉಕ್ಕಿನ ಶೀಟುಗಳನ್ನು ವಾಪಸ್ ತರಲು ನಮ್ಮ ವ್ಯಾನು ಈಗ ಹೊರಡುತ್ತಿದೆ, ಡ್ರೈವರ್ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಸೋಮವಾರ ನಿಮ್ಮ ತಗಡು ಬಾಗಿಸುವ ಬೆಂಡಿಂಗ್ ಮಷೀನು ಕೊಳ್ಳಲು ಯಾರೋ ಬರುತ್ತಾರೆಂದು ಅತ್ತೆ ಹೇಳಿದರು. ಅದಕ್ಕೆ ಮುಂಚೆ ನೀವು ಇದನ್ನು ಓದಲೇಬೇಕು.

ನೀವು ನಮ್ಮ ಕಂಪನಿಗೆ ಮಾಡಿಕೊಟ್ಟ ಆ ಪೆಟ್ಟಿಗೆಗಳು ಕೆಟ್ಟಿದ್ದು ನಿಮ್ಮ ಕಣ್ಣಿನಿಂದಲ್ಲ ಮಾವ, ನನ್ನಿಂದ.

ಹೇಗೆ ಅಂತ ಹೇಳುತ್ತೇನೆ, ಬೈಯುವುದನ್ನು ಕೊನೆಗೆ ಇಟ್ಟುಕೊಳ್ಳಿ. ಗಿರಾಕಿ ಕಳಿಸುವ ಕಂಪ್ಯೂಟರ್ ಮಾದರಿ ನಮ್ಮ ಸಾಫ್ಟ್‌ವೇರಿಗೆ ಬಂದು ಬೀಳುವಷ್ಟರಲ್ಲಿ ತಾನು ಹೇಗೆ ತಯಾರಾದೆ ಅನ್ನುವುದನ್ನೇ ಮರೆತಿರುತ್ತದೆ. ಪರದೆಯ ಮೇಲೆ ಪೆಟ್ಟಿಗೆ, ಮುಚ್ಚಳ, ಒಳಗಿನ ತಟ್ಟೆ ಎಲ್ಲ ಒಂದಕ್ಕೊಂದು ಜೋಡಿಸಿಕೊಂಡು ಜಂಬದಿಂದ ಕೂತಿರುತ್ತವೆ, ಆದರೆ ಕಂಪ್ಯೂಟರಿನ ಮಟ್ಟಿಗೆ ಅವು ಬರೀ ಗಟ್ಟಿ ಮುದ್ದೆಗಳು. ಒಂದೊಂದನ್ನೇ ಎತ್ತಿಕೊಂಡು, ಇದು ಶೀಟು, ಇಷ್ಟು ದಪ್ಪ, ಈ ಮುಖ ಅಲ್ಲಾಡಬಾರದು, ಇಲ್ಲಿ ಬೆಂಡು, ಈ ಮೂಲೆಯಲ್ಲಿ ಸೀಳು ಅಂತ ನಾನು ಹೇಳಿಕೊಡಬೇಕು. ಆಮೇಲೆಯೇ ಅದನ್ನು ತಿದ್ದಲು ಬರುತ್ತದೆ, ಬಿಚ್ಚಿ ಚಪ್ಪಟೆ ಮಾಡಿ ಕತ್ತರಿಸುವ ಅಳತೆ ತೆಗೆಯಲು ಬರುತ್ತದೆ. ಬೆಂಡು ಹಾಕುವಾಗ ಲೋಹ ಎಷ್ಟು ಹಿಗ್ಗುತ್ತದೆ ಅನ್ನುವುದನ್ನೂ ನಾನೇ ತುಂಬಬೇಕು.

ನಿಮ್ಮ ಪೆಟ್ಟಿಗೆಗೆ ಮುಂಚೆ ನಾನು ಮಾಡಿದ್ದು ಒಂದು ಅಲ್ಯೂಮಿನಿಯಂ ಕಪಾಟು. ಹಿಗ್ಗುವ ಲೆಕ್ಕಕ್ಕೆ ಅದರ ಅಂಕಿಯೇ ಉಳಿದುಕೊಂಡಿತ್ತು. ನಿಮಗೆ ಕಳಿಸಿದ್ದು ಉಕ್ಕಿನ ಪೆಟ್ಟಿಗೆಯ ನಕ್ಷೆ, ಅದರ ಅಳತೆಗೆ ಕತ್ತರಿಸಿದ ಶೀಟುಗಳು. ನಾನು ಅಂಕಿ ಬದಲಿಸಲಿಲ್ಲ. ಒಂದು ಬೆಂಡಿಗೆ ಕೂದಲೆಳೆಯಷ್ಟು ವ್ಯತ್ಯಾಸ, ಆದರೆ ಪೆಟ್ಟಿಗೆಯ ಎಲ್ಲ ಬೆಂಡುಗಳೂ ಮುಗಿಯುವಷ್ಟರಲ್ಲಿ ಮುಚ್ಚಳ ಕೂರದಷ್ಟಾಯಿತು. ನೀವು ನಾನು ಕೊಟ್ಟ ಗೆರೆಯ ಮೇಲೆಯೇ ಬೆಂಡು ಹಾಕಿದ್ದಿರಿ.

ಮ್ಯಾನೇಜರ್ ನಿಮ್ಮ ಶೆಡ್ಡಿಗೆ ಬಂದು ಮುಚ್ಚಳ ಇಟ್ಟು ಸಂದು ತೋರಿಸಿದ ದಿನ ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ನೀವು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದಿರಿ. ನನ್ನ ಕಣ್ಣೇ ಕೈಕೊಟ್ಟಿರಬೇಕು ಬಿಡಿ ಸಾರ್ ಅಂದಿರಿ. ಆಗ ನನಗೆ ತಪ್ಪು ಎಲ್ಲಿದೆ ಅಂತ ಗೊತ್ತಿರಲಿಲ್ಲ, ಅದು ಸತ್ಯ. ಅನುಮಾನ ಇತ್ತು, ಅದೂ ಸತ್ಯ. ಹೊರಗೆ ಬಂದ ಮೇಲೆ ನೀವು ನನ್ನ ಹತ್ತಿರ ಕ್ಷಮೆ ಕೇಳಿದಿರಲ್ಲ, ನಿನ್ನ ಹೆಸರು ಹೇಳ್ಕೊಂಡು ಕೆಲಸ ತಗೊಂಡೆ, ನಿನಗೇ ಕೆಟ್ಟ ಹೆಸರು ತಂದೆ ಕಂದಾ ಅಂತ.

ಆಫೀಸಿಗೆ ಬಂದು ಫೈಲು ತೆರೆದೆ. ಅಂಕಿ ಕಂಡಿತು. ಅಲ್ಲಿಯವರೆಗೆ ಆದದ್ದು ಮರೆವು, ಯಾರಿಗಾದರೂ ಆಗಬಹುದು. ಮುಂದಿನದು ಮರೆವಲ್ಲ. ನಕ್ಷೆಯಲ್ಲಿ ಏನೇ ಬದಲಾದರೂ ನಂಬರಿನ ಕೊನೆಯ ಅಕ್ಷರ ಬದಲಿಸಿ ಎಲ್ಲರಿಗೂ ತಿಳಿಸಬೇಕು, ಅದು ನಮ್ಮಲ್ಲಿ ಕಟ್ಟುನಿಟ್ಟು. ನಾನು ಅಂಕಿ ತಿದ್ದಿ, ಹಳೆಯದರ ಮೇಲೆಯೇ ಉಳಿಸಿ, ಅದೇ ನಂಬರು ಅದೇ ಅಕ್ಷರ ಇಟ್ಟು, ಕಾಫಿ ಕುಡಿಯಲು ಎದ್ದುಹೋದೆ. ಬರುವ ತಿಂಗಳು ನನ್ನ ಕೆಲಸ ಖಾಯಂ ಆಗಬೇಕಿತ್ತು. ಅದು ಕಾರಣವೇ ಹೊರತು ನೆಪವಲ್ಲ, ನೆಪ ಹುಡುಕಲೂ ನಾಚಿಕೆಯಾಗುತ್ತದೆ.

ಎರಡನೇ ಸರದಿಯ ಪೆಟ್ಟಿಗೆಗಳನ್ನು ಮ್ಯಾನೇಜರ್ ಬೇರೆ ಶೆಡ್ಡಿಗೆ ಕೊಟ್ಟರು. ಮುಚ್ಚಳಗಳು ಟಕ್ಕನೆ ಕೂತವು. ಅದೇ ನಕ್ಷೆ, ಕೈ ಮಾತ್ರ ಬೇರೆ, ನೋಡಿದ್ರಾ, ಅಂದರು. ನಾನು ತಲೆಯಾಡಿಸಿದೆ ಮಾವ. ಸುಮ್ಮನಿರಬಹುದಿತ್ತು, ತಲೆಯಾಡಿಸಿದೆ.

ಆ ಸುದ್ದಿ ನಿಮ್ಮ ಕಿವಿಗೆ ಬಿದ್ದ ದಿನವೇ ನೀವು ಮಷೀನಿಗೆ ಟಾರ್ಪಾಲು ಹೊದಿಸಿದಿರಂತೆ. ದೂರದಿಂದ ಕ್ಯಾಲೆಂಡರ್ ಓದಿ ಓದಿ ಪರೀಕ್ಷೆ ಮಾಡಿಕೊಳ್ಳುತ್ತೀರಂತೆ. ಕಣ್ಣಿಗೇನೂ ಆಗಿಲ್ಲ ಅಂತ ಡಾಕ್ಟರು ಹೇಳಿದರೆ, ಪಾಪ ನನ್ನ ಸಮಾಧಾನಕ್ಕೆ ಹೇಳ್ತಾರೆ ಅಂದಿರಂತೆ. ಅತ್ತೆ ಇದನ್ನೆಲ್ಲ ನಗುತ್ತಲೇ ಹೇಳಲು ಶುರುಮಾಡಿದರು, ಕೊನೆಗೆ ಫೋನಿನಲ್ಲಿ ಅತ್ತುಬಿಟ್ಟರು.

ಡಾಕ್ಟರು ಹೇಳಿದ್ದು ನಿಜ. ನಂಬಿಕೆ ಬಾರದಿದ್ದರೆ ಉಳಿದ ಶೀಟುಗಳನ್ನು ಡ್ರೈವರ್‌ಗೆ ಕೊಡಬೇಡಿ, ಏನು ಬೇಕಾದರೂ ನೆಪ ಹೇಳಿ ಕಳಿಸಿ. ಹೊದಿಕೆ ತೆಗೆದು, ಅತ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರಿಂದಲೇ ಅಳತೆ ಓದಿಸಿ ಬೆಂಡು ಹಾಕಿ. ಅವೂ ನನ್ನ ಹಳೆಯ ತಪ್ಪು ಅಳತೆಗೇ ಕತ್ತರಿಸಿದವು, ಯಾರು ಹಾಕಿದರೂ ಅದೇ ಸಂದು ಬರುತ್ತದೆ.

ಬಿಡುವು ಮುಗಿದ ತಕ್ಷಣ ಮ್ಯಾನೇಜರ್ ಕೋಣೆಗೆ ಹೋಗುತ್ತೇನೆ. ಮೊದಲು ಅಲ್ಲಿ ಹೇಳಿ ಆಮೇಲೆ ನಿಮಗೆ ಬರೆಯುವುದು ನ್ಯಾಯ. ಆದರೆ ನನ್ನ ಧೈರ್ಯದ ಮೇಲೆ ನನಗೇ ನಂಬಿಕೆ ಇಲ್ಲ. ಈ ಕಾಗದ ವ್ಯಾನು ಹತ್ತಿದ ಮೇಲೆ ಹಿಂದೆ ಸರಿಯಲು ಆಗುವುದಿಲ್ಲ, ಅದಕ್ಕೇ ಈ ಉಲ್ಟಾ ಕ್ರಮ. ಕೆಲಸ ಹೋದರೆ ಹೋಗಲಿ ಎಂದು ಬರೆಯಲು ಕೈ ಬರುತ್ತಿಲ್ಲ, ಹೋಗುವುದು ನನಗೆ ಬೇಡ. ಆದರೂ ಹೇಳುತ್ತೇನೆ.

ಕ್ಷಮಿಸಿ ಅಂತ ಕೇಳುವುದಿಲ್ಲ. ನೀವು ಕ್ಷಮಿಸಿಬಿಡುತ್ತೀರಿ, ಅದೇ ನನಗೆ ಭಯ. ಈ ಸಲ ಸ್ವಲ್ಪ ದಿನ ಕೋಪ ಮಾಡಿಕೊಳ್ಳಿ.

ನಿಮ್ಮ ಸೋದರ ಸೊಸೆ,
ಚೂಟಿ

ಸಹಿ ಹಾಕಿದ ಮೇಲೆ: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಸೋಮವಾರ ಬರುವವರಿಗೆ ನಿಮ್ಮ ವಿಳಾಸ ಕೊಟ್ಟವಳು ನಾನೇ. ಮಾವನಿಗೆ ವಯಸ್ಸಾಯಿತು, ಒಳ್ಳೆಯ ಮಷೀನು, ಕೊಡುತ್ತಾರೆ, ಹೋಗಿ ಕೇಳಿ ಎಂದೆ. ಉಳಿದ ಶೀಟುಗಳನ್ನು ತರಲು ವ್ಯಾನು ಗೊತ್ತುಮಾಡಿದ್ದೂ ನಾನೇ. ಮಷೀನು, ಶೀಟು ಎರಡೂ ಹೋದರೆ ನಿಮಗೆ ಇನ್ನೊಂದು ಪೆಟ್ಟಿಗೆ ಬೆಂಡು ಹಾಕಿ ನೋಡಿ ನನ್ನ ತಪ್ಪು ಹಿಡಿಯಲು ಆಗುತ್ತಿರಲಿಲ್ಲ. ಅವರು ಬಂದರೆ ಶೆಡ್ಡಿನ ಬಾಗಿಲು ತೆಗೆಯಬೇಡಿ ಮಾವ. ನಾನು ಬಂದರೆ ತೆಗೆಯುವುದೋ ಬೇಡವೋ, ಅತ್ತೆಯನ್ನು ಕೇಳಿ.