ಹೊಗಳಿ ಕಳೆದ ಮನೆ

ಚಂದ್ರಕಾಂತಣ್ಣನಿಗೆ,

ಈ ಕತೆಯನ್ನು ಮೊದಲು ಹೇಳಿದವರು ನೀವೇ. ಕಳೆದ ಭಾನುವಾರ ಒಕಾಜಾಕಿಯ ಸಭಾಭವನದಲ್ಲಿ, ನಮ್ಮ ಕನ್ನಡ ಕೂಟದ ದೀಪಾವಳಿ ಊಟಕ್ಕೆ ಬಿಸಿಬೇಳೆಬಾತ್ ಬಡಿಸುತ್ತಾ ಹೇಳಿದಿರಿ. ಎಲ್ಲರೂ ನಕ್ಕರು. ನನ್ನ ಗಂಡ ಧೀರಜ್ ಕೂಡ ಮರ್ಯಾದೆಗೆ ನಕ್ಕ. ಅವನ ಆ ನಗು ನೋಡಿದ್ದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಸಂಶೋಧನಾ ಸಂಸ್ಥೆಯಲ್ಲಿ ರೇಷ್ಮೆಹುಳುವಿನ ಮೇಲೆ ಕೆಲಸ ಮಾಡುತ್ತಿದ್ದ ಅವನ ಒಪ್ಪಂದ ಮುಗಿದದ್ದು ನಿಮಗೆ ಗೊತ್ತು. ಮಾರ್ಚಿಗೆ ನಮ್ಮ ವೀಸಾ ಮುಗಿಯುತ್ತದೆ ಎಂಬುದೂ ಗೊತ್ತು. ಉಳಿದದ್ದು ಒಂದೇ ದಾರಿ. ಜಪಾನಿನ ಉತ್ತರ ತುದಿಯ ಹೊಕ್ಕಾಯ್ಡೋದ ಆ ಪುಟ್ಟ ಊರು ಹಿಂದೆ ಸರ್ಕಾರವೇ ಜನರನ್ನು ಸಾಗಿಸಿ ಕಟ್ಟಿದ ವಸಾಹತು. ಈಗ ಅಲ್ಲಿ ಬರೀ ಮುದುಕರು. ಹೋಗಿ ನೆಲೆಸುವವರಿಗೆ ಪುರಸಭೆ ಖಾಲಿ ಮನೆ ಕೊಡುತ್ತದೆ, ಕೆಲಸ ಕೊಡುತ್ತದೆ, ಸಾಮಾನು ಸಾಗಿಸುತ್ತದೆ. ಧೀರಜ್ ಹೋಗಿ ಊರ ಹಿರಿಯರ ಮುಂದೆ ಸೊಂಟ ಬಗ್ಗಿಸಿ ನಿಂತ. ಹಿಮ ಎತ್ತುತ್ತೇನೆ, ಬೆಂಕಿ ಬಿದ್ದರೆ ಓಡಿಬರುತ್ತೇನೆ, ಸಾವಿನ ಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ ಎಂದ. ಅವರು ಒಪ್ಪಿದರು. ಇನ್ನು ಪರಿಚಿತರೊಬ್ಬರು ಅವನ ಬಗ್ಗೆ ನಾಲ್ಕು ಮಾತು ಹೇಳಿದರೆ ಸಾಕಿತ್ತು. ಪುರಸಭೆಯಲ್ಲಿ ಇದನ್ನು ನೋಡಿಕೊಳ್ಳುವ ಮೊರಿತಾ ಎಂಬಾಕೆಗೆ ನಿಮ್ಮ ಹೆಸರು ಕೊಟ್ಟೆವು.

ಆಮೇಲೆ ಪುರಸಭೆಯಿಂದ ಬಂದ ಉತ್ತರ: ಇಂಥವರ ಭವಿಷ್ಯಕ್ಕೆ ನಮ್ಮ ಊರು ಅಡ್ಡಿಯಾಗಬಾರದು, ಕ್ಷಮಿಸಿ. ಧೀರಜ್ ತನ್ನ ಹರಕು ಜಪಾನೀಸನ್ನೇ ಬೈದುಕೊಂಡು ಕೂತ. ಕಾರಣ ತಿಳಿದದ್ದು ಭಾನುವಾರ, ನಿಮ್ಮ ಬಾಯಿಂದ.

"ನಾನು ಬಿಡ್ತೀನಾ? ಧೀರಜ್ ಅಂದ್ರೆ ಟಾಪ್ ಸೈಂಟಿಸ್ಟು, ಅಮೆರಿಕದವ್ರೇ ಕರೀತಿದಾರೆ, ನಿಮ್ಮೂರು ಟೆಂಪರರಿ ಅಷ್ಟೇ ಅಂದೆ. ಆ ಮೊರಿತಾ ಸಾನ್ ಪಾಪ, ಫೋನಲ್ಲೇ ಬಗ್ಗಿ ಬಗ್ಗಿ ನಮಸ್ಕಾರ ಮಾಡಿರ್ಬೇಕು."

ಅಣ್ಣಾ, ನಮ್ಮೂರಿನಲ್ಲಿ ಎತ್ತು ಮಾರುವವನೂ ಅದರ ಒಂದು ಕೆಟ್ಟ ಸುಳಿ ತೋರಿಸಿಯೇ ಮಾರುತ್ತಾನೆ. ಆಗಲೇ ಕೊಳ್ಳುವವನಿಗೆ ನಂಬಿಕೆ. ಆ ಊರಿನವರು ಕೇಳಿದ್ದು ಬಿಟ್ಟುಹೋಗದ ಮನುಷ್ಯನನ್ನು. ನೀವು ನಮ್ಮ ಕನ್ನಡ ಕೂಟದ ಮಾನ ಉಳಿಸಲು ನನ್ನ ಮಗಳು ತನ್ವಿಯ ಸೂರು ಕಿತ್ತಿರಿ. ಸುಳ್ಳು ಹೇಳಿದಿರಿ, ಅದನ್ನು ಉಪಕಾರ ಎಂದುಕೊಂಡಿರಿ, ಊಟಕ್ಕೆ ನಂಜಿಕೊಳ್ಳಲು ಬಡಿಸಿದಿರಿ.

ಅಲ್ಲಿ ನಕ್ಕವರಲ್ಲಿ ಇಬ್ಬರು, ಚಿತ್ರಾ ಮತ್ತು ಅವಳ ಗಂಡ ವಿಘ್ನೇಶ್, ಮರುದಿನ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದರು. ಚಿತ್ರಾ ನಮ್ಮ ಮುಂದೆಯೇ ಮೊರಿತಾ ಸಾನ್‌ಗೆ ಫೋನ್ ಮಾಡಿದಳು. ಈತನನ್ನು ಯಾವ ದೇಶದವರೂ ಕರೆದಿಲ್ಲ, ಅಡುಗೆ ಬರುವುದಿಲ್ಲ, ಮೂಗಿನ ತುದಿಯಲ್ಲೇ ಕೋಪ, ಹಿಡಿದ ಕೆಲಸ ಮಾತ್ರ ಬಿಡುವವನಲ್ಲ ಎಂದು ಜಪಾನೀಸಿನಲ್ಲಿ ಸಾವಕಾಶವಾಗಿ ಹೇಳಿದಳು. ಆ ಮನೆ ಆಗಲೇ ಸೆಂಡಾಯ್‌ನ ಬಡಗಿಯೊಬ್ಬನ ಪಾಲಾಗಿತ್ತು. ಇನ್ನೊಂದಿದೆ, ಮಾಡು ಅರ್ಧ ಕುಸಿದಿದೆ, ಹಿಮ ಬೀಳುವ ಮೊದಲು ಬಂದು ನೋಡಲಿ ಎಂದಳಂತೆ ಮೊರಿತಾ. ಧೀರಜ್ ಎದ್ದು ಬೂಟು ಹುಡುಕಿದ. ವಿಘ್ನೇಶ್ ಆಗಲೇ ತನ್ನ ಕಾರ್ಖಾನೆಗೆ ಫೋನ್ ಹಚ್ಚಿ, "ಸುಮಿಮಾಸೆನ್" ಎಂದು ಕ್ಷಮೆ ಬೇಡುತ್ತಾ, ಜೊತೆಗೆ ಹೋಗಲು ರಜೆ ಕೇಳುತ್ತಿದ್ದ.

ನೀವು ದಯವಿಟ್ಟು ಯಾರಿಗೂ ಏನೂ ಹೇಳಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನಮ್ಮನ್ನು ನಿಮ್ಮ ಹೊಗಳಿಕೆಯಿಂದ ಕಾಪಾಡಲಿ.

ಇನ್ನೂ ಸಿಟ್ಟು ಇಳಿಯದ,
ವಸುಧಾ