ತಂಗಿಗೆ ಬಲಗಡೆಯ ಕೋಣೆ, ನನಗೆ ಎಡಗಡೆಯದು

ಆಶ್ರಯ ಅರ್ಜಿಗಳ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಒಡಹುಟ್ಟಿದ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದೆ. ಹೊತ್ತಿಸಿದವರು ತಾವು. ನಾನು ಸಲ್ಲಿಸಿದ ಮನವಿಗಳಿಗೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ದಯಪಾಲಿಸಿದ್ದೀರಿ. ಹಾಗಾಗಿ ಇದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾವಿಬ್ಬರೂ ದರ್ಜಿಗಳು. ನಮ್ಮ ದೇಶದಲ್ಲಿ ಒಂದೇ ಅಂಗಡಿಯಲ್ಲಿ ಎದುರುಬದುರು ಕೂತು ಹೊಲಿಯುತ್ತಿದ್ದೆವು. ಸರ್ಕಾರದ ವಿರುದ್ಧ ಮೆರವಣಿಗೆ ಹೊರಟವರಿಗೆ ಕಪ್ಪು ಬಾವುಟ ಮಾಡಿಕೊಟ್ಟೆವು. ಬಟ್ಟೆ ಕತ್ತರಿಸಿದವಳು ನಾನು, ಅಂಚು ಹೊಲಿದವಳು ಅವಳು. ಅಂಗಡಿಗೆ ಬೆಂಕಿಯಿಟ್ಟವರು, “ಮುಂದಿನ ಸಲ ನೀವು ಒಳಗಿರ್ತೀರಿ” ಎಂದು ಇಬ್ಬರಿಗೂ ಹೇಳಿಹೋದರು. ಇಬ್ಬರಿಗೂ ಒಬ್ಬೊಬ್ಬಳೇ ಮಗಳು. ಮಕ್ಕಳನ್ನು ಅಮ್ಮನ ಮಡಿಲಿಗೆ ಹಾಕಿ, ಒಂದೇ ಲಾರಿಯಲ್ಲಿ ಗಡಿ ದಾಟಿ, ತಮ್ಮ ಕಚೇರಿಯ ಒಂದೇ ಬೆಂಚಿನ ಮೇಲೆ ಕೂತೆವು.

ತಂಗಿಯನ್ನು ಬಲಗಡೆಯ ಕೋಣೆಗೆ ಕರೆದರು. ಅಲ್ಲಿದ್ದ ಅಧಿಕಾರಿಣಿ ಒಂದಿಡೀ ಬೆಳಗು ಕೇಳಿಸಿಕೊಂಡರು. ನಮ್ಮ ಮಾತು ಬಲ್ಲ ದುಭಾಷಿ ಜೊತೆಗಿದ್ದರು. ಆ ಮಳೆಗಾಲ ಮುಗಿಯುವುದರೊಳಗೆ ಅವಳಿಗೆ ಆಶ್ರಯ ಸಿಕ್ಕಿತು. ನನ್ನನ್ನು ಎಡಗಡೆಗೆ ಕರೆದರು. ದುಭಾಷಿ ಬಂದಿರಲಿಲ್ಲ. ಮತ್ತೆ ಹೋದಾಗ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು “ಮೊದಲಿಂದ ಹೇಳಮ್ಮ” ಅಂದರು. ಹೇಳಿದೆ. ಅವರೂ ಹೋದರು. ಸ್ವಾಮಿ, ತಮ್ಮಲ್ಲಿ ಅಧಿಕಾರಿಗಳು ಬೇಕಾದಷ್ಟಿರಬಹುದು. ನನ್ನ ಅಂಗಡಿ ಸುಟ್ಟದ್ದು ಒಂದೇ ಸಲ. ಅದನ್ನು ಇನ್ನೆಷ್ಟು ಸಲ ಸುಡಿಸುತ್ತೀರಿ? ಹೇಳಿ ಹೇಳಿ ದಣಿದ ಬಾಯಲ್ಲಿ ಒಂದು ಮಾತು ಹಿಂದುಮುಂದಾದರೆ ಅದಕ್ಕೆ ‘ಹೇಳಿಕೆಯಲ್ಲಿ ವ್ಯತ್ಯಾಸ’ ಎಂಬ ಬಿರುದು ಬೇರೆ! ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನುತ್ತಾರೆ. ಬೆಣ್ಣೆಯೋ ಸುಣ್ಣವೋ ಎಂಬುದನ್ನು ತಮ್ಮಲ್ಲಿ ನಿರ್ಧರಿಸುವುದು ಕಾನೂನೇ, ಕೋಣೆಯ ಬಾಗಿಲೇ?

ಆಶ್ರಯ ಸಿಕ್ಕವರು ಮಕ್ಕಳನ್ನು ಕರೆಸಿಕೊಳ್ಳಬಹುದು. ಕಳೆದ ತಿಂಗಳು ತಂಗಿಯ ಮಗಳು ಬಂದಳು. ವಿಮಾನ ನಿಲ್ದಾಣದಲ್ಲಿ “ದೊಡ್ಡಮ್ಮಾ” ಎಂದು ಓಡಿಬಂದು ಅಪ್ಪಿಕೊಂಡಳು. ನಾನು ಅವಳ ಬೆನ್ನ ಹಿಂದೆ ನೋಡುತ್ತಿದ್ದೆ, ಇನ್ನೊಬ್ಬಳು ಬರುತ್ತಾಳೇನೋ ಎಂಬಂತೆ. ತನ್ನ ಮನೆಯಲ್ಲಿ ಹುಡುಗಿಗೆ ಜಡೆ ಹಾಕಲು ತಂಗಿ ಪ್ರೀತಿಯಿಂದ ಬಾಚಣಿಗೆ ಕೈಗಿಟ್ಟಾಗ ತಡೆಯಲಾಗಲಿಲ್ಲ.

“ನಿನ್ನ ಮಗಳ ತಲೆ ನೀನೇ ಬಾಚ್ಕೋ. ನಿನಗೇನಮ್ಮ, ಎಲ್ಲಾ ಸಿಕ್ತು.”

ಅವಳ ಮುಖ ಸುಟ್ಟ ಬದನೆಕಾಯಿಯಂತಾಯಿತು. “ಅಕ್ಕಾ, ನಿನ್ನದನ್ನ ನಾನು ಕಿತ್ಕೊಂಡ್ನಾ?”

“ಇಲ್ಲ ಕಣೇ.”

“ಮತ್ತೆ ಯಾಕೆ ನನ್ನ ಮುಖ ನೋಡಲ್ಲ?”

ಬಾಚಣಿಗೆಯನ್ನು ಅಲ್ಲೇ ಇಟ್ಟು ಎದ್ದು ಬಂದೆ. ಆಮೇಲೆ ಅವಳು ಪ್ರತಿ ಭಾನುವಾರ ನಮ್ಮ ನಿರಾಶ್ರಿತರ ವಸತಿಗೃಹದ ಬಾಗಿಲಿಗೆ ಊಟದ ಡಬ್ಬಿ ಹಿಡಿದು ಬಂದಳು. ಮಲಗಿದ್ದೇನೆಂದು ಹೇಳಿಸಿದೆ. ಮೊನ್ನೆ ಭಾನುವಾರ ಅವಳು ಬರಲಿಲ್ಲ.

ನನಗೆ ತಮ್ಮ ಕರುಣೆ ಬೇಡ. ಮೊದಲಿಂದ ಕೊನೆವರೆಗೆ ಒಬ್ಬರೇ ಅಧಿಕಾರಿ, ನನ್ನ ಮಾತು ಬಲ್ಲ ದುಭಾಷಿ, ತೀರ್ಮಾನಕ್ಕೊಂದು ಗಡುವು ಕೊಡಿ. ಇಲ್ಲವೆನ್ನುವುದಾದರೆ ಕಾರಣ ಹೇಳಿ, ಮೇಲ್ಮನವಿಗೆ ವಕೀಲರನ್ನು ಒದಗಿಸಿ. ಹೌದೆನ್ನುವುದಾದರೆ ಬೇಗ ಹೇಳಿ. ತಂಗಿಯ ಬಾಗಿಲು ತಟ್ಟುವ ಮುಖ ನನಗಿನ್ನೂ ಉಳಿದಿರುವಾಗಲೇ.

ಇಂತಿ,
ಒಡಹುಟ್ಟಿದವಳ ಸುಖಕ್ಕೆ ಕರುಬುವುದನ್ನು ತಮ್ಮ ಬೆಂಚಿನ ಮೇಲೆ ಕಲಿತ
ಒಬ್ಬ ದರ್ಜಿ