ಎಣಿಸದೆ ಬಿಟ್ಟ ಕೆರೆ

ಕ್ರಿ.ಶ. 2219, ಮಿಕ್ಕಿದ ದಿನ
ಕಾಟವ್ವನ ಕೆರೆ ಏರಿ

ಕಾಟವ್ವನ ಕೆರೆಯ ಸುತ್ತಮುತ್ತ ಈಗ ವಾಸವಾಗಿರುವ ಹಿರಿಯರೆಲ್ಲರಿಗೂ ಪಾಲಯ್ಯನ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಒಂದೊಂದಕ್ಕೂ ನಾಲ್ಕೇ ವಾರ. ಹಾಗೆ ಹಂಚಿದ ಮೇಲೆ ಯಾವ ತಿಂಗಳಿಗೂ ಸೇರದ ಒಂದು ದಿನ ಉಳಿಯುತ್ತದೆ. ಅದೇ ಮಿಕ್ಕಿದ ದಿನ. ಹಿನ್ನಂಚೆ, ಅಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ಹೊರಡುವುದು ಇವತ್ತು ಮಾತ್ರ. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ತಮ್ಮ ಮುತ್ತಜ್ಜನ ಮುತ್ತಜ್ಜನನ್ನು ಬೈಯುವುದಕ್ಕೆ ಅದನ್ನು ಬಳಸಿಕೊಳ್ಳುತ್ತಾರೆ. ನಾನು ಒಂದು ಮನೆಯ ವಿಷಯವಾಗಿಯೂ ಒಂದು ಬಾವಿಯ ವಿಷಯವಾಗಿಯೂ ಬರೆಯುತ್ತಿದ್ದೇನೆ.

ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಮದುವೆಯ ಕರೆಯೋಲೆಗಳಿಂದ ಮತ್ತು ಬ್ಯಾಂಕಿನ ನೋಟೀಸುಗಳಿಂದ. ಆದ್ದರಿಂದ ಕೆಲವು ಕಡೆ ಅತಿಯಾದ ವಿನಯ, ಕೆಲವು ಕಡೆ ಬೆದರಿಕೆ ಕಾಣಿಸೀತು. ಎರಡನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನೀವು ನಿವೃತ್ತಿ ಎನ್ನುವುದನ್ನು ನಾವು ದಡ ಸೇರುವುದು ಎನ್ನುತ್ತೇವೆ. ದುಡಿದು ಮುಗಿಸಿದವರಿಗೆ ನೀರಿನ ಪಕ್ಕ ಒಂದು ದಡಮನೆ ಸಿಗುತ್ತದೆ. ಆದರೆ ತನ್ನ ದಡಮನೆಯನ್ನು ತಾನೇ ಆರಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ವಯಸ್ಸಾದವರು ತಮ್ಮ ಮಂಡಿನೋವನ್ನು ಮರೆತು, ಇನ್ನೂ ಇಪ್ಪತ್ತೈದರ ಪ್ರಾಯದವರಂತೆ ಮನೆ ಹುಡುಕುತ್ತಾರೆ ಎಂದು ಯಾವುದೋ ಕಾಲದಲ್ಲಿ ತೀರ್ಮಾನವಾಯಿತಂತೆ. ಹಾಗಾಗಿ ಮನೆತನದ ಕಿರಿಯರೊಬ್ಬರು ದಡಗಾರರಾಗಿ ನಿಂತು ಮನೆ ಆರಿಸಬೇಕು, ಹಿರಿಯರು ನೋಡಿ ಒಪ್ಪಬೇಕು. ಒಪ್ಪಿ ಹೊಸಿಲಲ್ಲಿ ದೀಪ ಹಚ್ಚಿದರೆ ಮುಗಿಯಿತು, ಕೊನೆಯ ತನಕ ಅದೇ ಮನೆ. ನಿಮ್ಮ ಕಾಲದಲ್ಲಿ ಬರೀ ಫೋಟೋ ನೋಡಿ ಮುಂಗಡ ಕೊಡುತ್ತಿದ್ದಿರಂತೆ. ಕೆರೆ ಮುಚ್ಚಿ ಕಟ್ಟಿದ ಕಟ್ಟಡಕ್ಕೆ ಲೇಕ್ ವ್ಯೂ ಎಂದು ಹೆಸರಿಡುತ್ತಿದ್ದಿರಂತೆ. ಇದು ನಿಜವೇ? ನಿಜವಾದರೆ, ಆ ಕಿಟಕಿಯಲ್ಲಿ ನಿಂತು ನೀವು ಏನನ್ನು ನೋಡುತ್ತಿದ್ದಿರಿ ಎಂಬುದು ನನಗೆ ಬಹಳ ದಿನದಿಂದ ಇರುವ ಕುತೂಹಲ.

ನಾನು ದಡಗಾರನಾದದ್ದು ನನ್ನ ಸೋದರತ್ತೆ ಗಾದ್ರಮ್ಮನಿಗೆ. ನೀವು ಗುಡ್ಡಗಳ ಮೇಲೆ ನೋಡುತ್ತೀರಲ್ಲ ಗಾಳಿಯಂತ್ರಗಳು, ಅವುಗಳ ಮೊಮ್ಮಕ್ಕಳಂಥ ಗಾಳಿಕಂಬಗಳನ್ನು ಹತ್ತಿ ಎಣ್ಣೆ ಹಾಕುವುದು ಅತ್ತೆಯ ಕೆಲಸ. ಹತ್ತಿ ಇಳಿದು, ಹತ್ತಿ ಇಳಿದು ಮಂಡಿ ಸವೆದವು. ರಜೆ ಸಿಕ್ಕಿತೆಂದರೆ ಗಾಳದ ಕೋಲು ಹಿಡಿದು ಯಾವುದಾದರೂ ಕೆರೆಯ ಬದಿಗೆ ಹೋಗಿ ಕೂರುವರು. ಆಮೇಲೆ ಊಟದ ನೆನಪೂ ಇರುವುದಿಲ್ಲ. ಮದುವೆ, ನಾಮಕರಣ, ಹಬ್ಬ, ಎಲ್ಲದಕ್ಕೂ ತಡವಾಗಿ, ಕೈಯಲ್ಲಿ ಮೀನಿನ ವಾಸನೆ ಹೊತ್ತು ಬರುತ್ತಿದ್ದ ಅತ್ತೆಯನ್ನು ನಮ್ಮ ಮನೆಯಲ್ಲಿ ಬೈಯದವರಿಲ್ಲ. ಅವರ ಕಥೆ ಮುಗಿಯುವ ಮೊದಲು ಎದ್ದು ಹೋದವರೂ ಇಲ್ಲ. ಹಿಡಿದ ಮೀನಿನ ಕಥೆಯಲ್ಲ, ಯಾವಾಗಲೂ ತಪ್ಪಿಸಿಕೊಂಡ ಮೀನಿನ ಕಥೆ. ಅತ್ತೆಗೆ ಗಂಡನಿಲ್ಲ, ಮಕ್ಕಳಿಲ್ಲ, ಮೀನು ಹಿಡಿಯುವುದು ಬಿಟ್ಟರೆ ಬೇರೆ ಹುಚ್ಚಿಲ್ಲ. ನಾನು ತಪ್ಪು ಮನೆ ಆರಿಸಿದರೆ ಉಳಿದ ಆಯುಸ್ಸನ್ನೆಲ್ಲ ಅವರು ಅಲ್ಲೇ ಕೊರಗುತ್ತ ಕಳೆಯಬೇಕು. ಆ ಭಯ ನನ್ನನ್ನು ನಿಜವಾಗಿಯೂ ಕಾಡುತ್ತಿತ್ತು.

ಭಯವಿದ್ದರೂ ಒಳಗೊಳಗೆ ಜಂಬವೂ ಇತ್ತು, ಮುಚ್ಚಿಡುವುದೇಕೆ? ಯಾಕೆಂದರೆ ನಾನು ಎಣಿಗಾರ. ನಿಮ್ಮ ಮತ್ತು ನಮ್ಮ ನಡುವೆ ಒಂದು ಕೆಟ್ಟ ಕಾಲ ಬಂದುಹೋಯಿತು. ಕೆರೆಗಳು ಬತ್ತಿ, ಮೀನಿನ ಸಂತತಿಯೇ ಅಳಿದಷ್ಟಾಗಿ, ಹಿರಿಯರು ಪಡಬಾರದ ಪಾಡು ಪಟ್ಟು ಒಂದೊಂದು ಕೆರೆಗೂ ಮತ್ತೆ ಮರಿ ಬಿಟ್ಟು ಬೆಳೆಸಿದರು. ಅಂದಿನಿಂದ ಪ್ರತಿ ಕೆರೆಯಲ್ಲೂ ಏನಿದೆ, ಎಷ್ಟಿದೆ ಎಂದು ಎಣಿಸಿ ಇಡುವ ನಿಯಮ ಬಂತು. ತೆಂಗಿನಕಾಯಿ ಗಾತ್ರದ ಎಣಿಗಣ್ಣು ಎಂಬ ಯಂತ್ರವನ್ನು ನೀರಿಗೆ ಇಳಿಬಿಟ್ಟರೆ ಒಂದೊಂದು ಮೀನನ್ನೂ ಗುರುತು ಹಿಡಿದು, ಜಾತಿ ತೂಕ ಸಮೇತ ಏರಿಯ ಮೇಲಿನ ಹಲಗೆಯಲ್ಲಿ ತೋರಿಸುತ್ತದೆ. ನಮ್ಮ ಸೀಮೆಯ ಕೆರೆಗಳಿಗೆ ಅದನ್ನು ಇಳಿಬಿಡುವವನು ನಾನೇ. ಯಾವ ನೀರಿನಲ್ಲಿ ಒಳ್ಳೆಯ ಮೀನಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದುಕೊಂಡು, ಹೊಸಮಡು ಎಂಬ ಕೆರೆಯನ್ನು ಆರಿಸಿದೆ.

ಆ ಮನೆಯನ್ನು ನೀವು ನೋಡಬೇಕಿತ್ತು. ಗಾಳ ಹಾಕುವವರಿಗೆ ಮನೆ ಹುಡುಕುವುದೆಂದರೆ ಬರೀ ನೀರು ಕಂಡರೆ ಸಾಲದು. ಕೆರೆಯ ಮೇಲ್ಭಾಗದ ತೆಳು ನೀರಿನ ಬದಿಯಲ್ಲಿ ಮನೆ ಹಿಡಿದರೆ ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಹೊಸಿಲಿಂದ ನೀರಿಗೆ ಅರ್ಧ ಊರು ನಡೆಯಬೇಕಾಗುತ್ತದೆ. ಇದು ಏರಿಯ ಮಗ್ಗುಲ ಮನೆ, ವರ್ಷವಿಡೀ ಆಳದ ನೀರು. ಬೆಳಗಿನ ಬಿಸಿಲು ಬೆನ್ನಿಗೆ ಬೀಳುತ್ತದೆಯೇ ಹೊರತು ಕಣ್ಣಿಗೆ ಹೊಡೆಯುವುದಿಲ್ಲ. ಹಿತ್ತಿಲ ಬಾಗಿಲಲ್ಲೇ ಮೀನು ಉಜ್ಜುವುದಕ್ಕೆ ಒರಟು ಕಲ್ಲು, ಅದರ ಪಕ್ಕ ನಲ್ಲಿ. ಕೂರಲು ಹೊಂಗೆ ಮರದ ನೆರಳು, ಏಳುವಾಗ ಹಿಡಿದುಕೊಳ್ಳಲು ಕಂಬಿ. ವೈದ್ಯರ ಮನೆ ಕೂಗಿದರೆ ಕೇಳುವಷ್ಟು ಹತ್ತಿರ. ಅತ್ತೆ ಎಲ್ಲವನ್ನೂ ಮುಟ್ಟಿ ನೋಡಿ ತಲೆದೂಗಿದರು. ನಾನು ದೀಪದ ಎಣ್ಣೆಯನ್ನೂ ತಂದಿದ್ದೆ.

ಅತ್ತೆ ರಾಗಿ ಹಿಟ್ಟಿನ ಉಂಡೆ ಸಿಕ್ಕಿಸಿ ಗಾಳ ಹಾಕಿದರು. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಬಿಟ್ಟ ಬೆಂಡು ಒಂದೆರಡು ಸಲ ನಡುಗಿ ಮುಳುಗಿತು. ಕೋಲು ಬಾಗಿತು. ಅತ್ತೆ ಎದ್ದು ನಿಂತರು, ಮಂಡಿನೋವೂ ನೆನಪಿಲ್ಲದಂತೆ. ಅಷ್ಟರಲ್ಲಿ ದಾರ ಸಡಿಲವಾಯಿತು, ಮೀನು ತಪ್ಪಿಸಿಕೊಂಡಿತ್ತು. ಅತ್ತೆ ನನ್ನ ಕಡೆ ತಿರುಗಿ, ಎರಡೂ ಕೈ ಅಗಲಿಸಿ, ಬಾಯಿ ತೆರೆದರು. ಅವರ ಬಾಯಿಂದ ಮಾತು ಬರುವ ಮೊದಲೇ ಏರಿಯ ಮೇಲಿನ ಹಲಗೆ ಬೆಳಗಿತು. ತಪ್ಪಿಸಿಕೊಂಡದ್ದು ರೋಹು, ಎರಡು ವರ್ಷದ್ದು, ತೂಕ ಮುಕ್ಕಾಲು ಕೆಜಿ. ಪಕ್ಕದ ಮನೆಯ ಜಗಲಿಯಿಂದ ಯಾರೋ ಒಳ್ಳೆಯ ಮನಸ್ಸಿನಿಂದಲೇ ಕೂಗಿ ಹೇಳಿದರು: “ಅದು ಯಾವಾಗ್ಲೂ ಹಂಗೇ ಅಕ್ಕಾ, ಮೊನ್ನೆ ನನ್ ಕೈಯಿಂದ್ಲೂ ಜಾರ್ಕಂಡಿತ್ತು.” ಅತ್ತೆ ಅಗಲಿಸಿದ ಕೈಗಳನ್ನು ನಿಧಾನವಾಗಿ ಇಳಿಸಿ ಸೆರಗಿಗೆ ಒರೆಸಿಕೊಂಡರು.

“ಮನೆ ಚೆಂದಾಗೈತೆ ಕಣೋ ಪಾಲಯ್ಯ. ನಂಗೆ ಬ್ಯಾಡ,” ಎಂದರು.

ನನಗೆ ಸಿಟ್ಟೇ ಬಂತು. ಇಷ್ಟು ಮಾಡಿದರೂ ಏನು ಕಡಿಮೆಯಾಯಿತು ಎಂದು ಕೇಳಿಬಿಟ್ಟೆ. ಅತ್ತೆ ಗಾಳದ ದಾರ ಸುತ್ತುತ್ತಲೇ ಉತ್ತರ ಕೊಟ್ಟರು: “ತಪ್ಪಿಸ್ಕಂಡಿದ್ದು ಎಷ್ಟಿತ್ತು ಅಂತ ಹೇಳೋಳು ನಾನು. ಅದನ್ನೂ ಹಲಗೇನೇ ಹೇಳಂಗಿದ್ರೆ ನಾನ್ಯಾಕೆ ಅಲ್ಲಿ ಕುಂತ್ಕಬೇಕು?” ಹಲಗೆಗೆ ಬಟ್ಟೆ ಮುಚ್ಚಿಸುತ್ತೇನೆ ಎಂದೆ. “ನಿಂಗೆ ಗೊತ್ತಿರ್ತೈತಲ್ಲ,” ಎಂದರು. ಎಷ್ಟೋ ವರ್ಷಗಳಿಂದ ನಮ್ಮ ಮನೆಯ ಜಗಲಿಯಲ್ಲಿ ಅತ್ತೆ ಕೈ ಅಗಲಿಸಿದಾಗಲೆಲ್ಲ ನಾನು ಮನಸ್ಸಿನಲ್ಲೇ ನಿಜವಾದ ತೂಕ ಹೇಳಿಕೊಂಡು ನಗುತ್ತಿದ್ದೆ. ನನ್ನ ಆ ನಗು ಅವರಿಗೆ ಕಾಣುತ್ತಿತ್ತು ಎಂದು ಅಂದು ಗೊತ್ತಾಗಿ ಬಹಳ ಬೇಜಾರಾಯಿತು.

ಎಣಿಸದ ಕೆರೆ ಎಲ್ಲಿ ಸಿಗುತ್ತದೆ? ನಮ್ಮ ಸೀಮೆಯಲ್ಲಿ ಅಂಥದ್ದು ಒಂದೇ ಒಂದು, ನಿಮ್ಮ ಕಾಟವ್ವನ ಕೆರೆ. ಅದನ್ನು ಯಾರೂ ಬೇಕೆಂದು ಬಿಟ್ಟದ್ದಲ್ಲ. ನೀರಿನೊಳಗೇ ಬೆಳೆದಿರುವ ಕರಿಜಾಲಿಯ ಮುಳ್ಳಿಗೆ ಸಿಕ್ಕಿ ಎಣಿಗಣ್ಣು ಮೇಲೆ ಬರುವುದೇ ಇಲ್ಲ, ನಾನೇ ಎರಡು ಕಳೆದುಕೊಂಡಿದ್ದೇನೆ. ಅದೂ ಅಲ್ಲದೆ ಕೆರೆಯಂಗಳದಲ್ಲಿ, ದಡದಿಂದ ಗಾಳ ಎಟಕುವಷ್ಟು ದೂರದಲ್ಲಿ, ನೀರಲ್ಲಿ ಮುಳುಗಿದ ಒಂದು ಬಾವಿ ಇದೆ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಾಲದ ಕಪಿಲೆ ಬಾವಿ. ಬೇಸಿಗೆಯಲ್ಲಿ ಅದರ ಎರಡು ಕಲ್ಲುಗಂಬದ ತುದಿ ನೀರಿನ ಮೇಲೆ ಕಾಣುತ್ತದೆ. ಒಳಗೆ ಎಷ್ಟು ಆಳವಿದೆ, ಏನಿದೆ ಎಂದು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಹೀಗೆ ಹೇಳಬಹುದಾದ ಜಾಗಗಳು ಬಹಳ ಕಡಿಮೆ.

ಅಲ್ಲಿನ ಮನೆ ಅಷ್ಟೇನೂ ಚೆನ್ನಾಗಿಲ್ಲ. ಹಿಂದೆ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರಗಂಟಿಯ ಮನೆ ಅದು. ಮೆಟ್ಟಿಲು ಒಂದು ಎತ್ತರ, ಒಂದು ತಗ್ಗು. ವೈದ್ಯರು ದೂರ. ಸಂಜೆಯಾದರೆ ಗಾಳಿ ಮುಖಕ್ಕೇ ಬಡಿಯುತ್ತದೆ. ನೆರೆಯವರೆಂದರೆ ಕುರಿ ಕಾಯುವ ಈರಬಡಪ್ಪ ಒಬ್ಬನೇ. ಅತ್ತೆ ಗಾಳದ ಕೋಲು ಹಿಡಿದು ಏರಿಯ ಮೇಲೆ ಕಂಡದ್ದೇ ತಡ, ಅವನು ಕುರಿಗಳನ್ನು ಅವುಗಳ ಪಾಡಿಗೆ ಬಿಟ್ಟು ಓಡಿ ಬಂದ. ಬಾವಿಯೊಳಗೆ ಬಾಳೆಮೀನೊಂದು ಇದೆ, ಮಲಗಿದ ಕರುವಿನಷ್ಟು ಉದ್ದ, ಅವರಪ್ಪನ ಕಾಲದಿಂದಲೂ ಇದೆ ಎಂದು ಶುರು ಮಾಡಿದ. ಅತ್ತೆ ಆಳದ ಬಣ್ಣ ನೋಡಿ, “ಬಾಳೆಮೀನಲ್ಲ ಕಣಪ್ಪ, ಕೊರವ. ಇಂಥ ಕಡೆ ಕೊರವನೇ ಇರೋದು,” ಎಂದರು. “ನೀನು ನೋಡಿದೀಯೇನವ್ವ?” ಎಂದ ಅವನು. “ನೀನು ನೋಡಿದೀಯೇನು?” ಎಂದರು ಅತ್ತೆ. ಇಬ್ಬರೂ ನೋಡಿರಲಿಲ್ಲ. ಆದ್ದರಿಂದ ಜಗಳಕ್ಕೆ ಯಾವ ಅಡ್ಡಿಯೂ ಇಲ್ಲದೆ ಸಂಜೆಯ ತನಕ ನಡೆಯಿತು.

ಬಿಸಿಲು ಇಳಿಯುವ ಹೊತ್ತಿಗೆ ಕಲ್ಲುಗಂಬಗಳ ಹತ್ತಿರ ಬೆಂಡು ಮಾಯವಾಯಿತು. ನಡುಗಲಿಲ್ಲ, ಆಡಲಿಲ್ಲ, ಯಾರೋ ಕೈಹಾಕಿ ಎಳೆದುಕೊಂಡ ಹಾಗೆ ಒಮ್ಮೆಗೇ ಹೋಯಿತು. ಅತ್ತೆ ಎರಡು ಹೆಜ್ಜೆ ನೀರಿಗೇ ಇಳಿದರು. ನಾನು ಅವರ ಸೊಂಟ ಹಿಡಿದೆ, ಈರಬಡಪ್ಪ ನನ್ನನ್ನು ಹಿಡಿದ. ಎಳೆತ ಬಾವಿಯೊಳಕ್ಕೆ, ನೇರವಾಗಿ ಕೆಳಕ್ಕೆ. ಆಮೇಲೆ ದಾರ ಕಲ್ಲಿಗೆ ಉಜ್ಜಿ ಪಟ್ಟನೆ ಹರಿಯಿತು, ಮೂವರೂ ಕೆಸರಲ್ಲಿ ಕೂತೆವು. ಅತ್ತೆ ನಕ್ಕ ನಗು ನಾನು ಹಿಂದೆಂದೂ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೆಸರಾದ ಕೈಗಳನ್ನು ಅಗಲಿಸಿ, ಸಾಲದೆಂದು ಇನ್ನೂ ಅಗಲಿಸಿ, ನನ್ನ ಮುಖವನ್ನೇ ನೋಡಿದರು. ನನ್ನ ಬಳಿ ತೂಕವಿರಲಿಲ್ಲ. ನಾನು ನಂಬಿದೆ.

ಆದರೆ ಎಣಿಸದ ಕೆರೆಯಲ್ಲಿ ದಡಮನೆ ಕೊಡುವಂತಿಲ್ಲ. ಅಂದು ನನ್ನ ಚೀಲದಲ್ಲಿ ಕಚೇರಿಗೆ ಹೊಸದಾಗಿ ಬಂದಿದ್ದ ಎಣಿಗಣ್ಣು ಇತ್ತು, ಬೆರಳಿನಷ್ಟು ಸಣ್ಣದು, ಮುಳ್ಳಿನ ಸಂದಿಯಲ್ಲೂ ಬಾವಿಯಲ್ಲೂ ನುಸುಳಬಲ್ಲದು. ಇಳಿಬಿಟ್ಟರೆ ಅರೆಗಳಿಗೆಯಲ್ಲಿ ಮನೆ ಮಂಜೂರಾಗುತ್ತಿತ್ತು. ನನಗೂ ಆ ಪ್ರಾಣಿ ಏನೆಂದು ಗೊತ್ತಾಗುತ್ತಿತ್ತು. ಗೊತ್ತು ಮಾಡಿಕೊಳ್ಳಬೇಕೆಂದು ನನ್ನ ಕೈ ಎಷ್ಟು ತುರಿಸುತ್ತಿತ್ತು ಎಂದು ಹೇಗೆ ಬರೆಯಲಿ! ಅತ್ತೆ ಬಟ್ಟೆ ಹಿಂಡುತ್ತ, “ಚೀಲದಾಗೇನೈತೆ ಅಂತ ನಂಗೊತ್ತು. ಬಿಟ್ಟೀಯ, ಹುಷಾರು,” ಎಂದರು. ನಿಯಮದಲ್ಲಿ ಒಂದೇ ದಾರಿ ಇದೆ. ಆ ಸೀಮೆಯ ಎಣಿಗಾರನೇ ಕೇಳಿಕೊಂಡರೆ ಒಂದು ಕೆರೆಯನ್ನು ಎಣಿಸದೆ ಬಿಡಬಹುದು. ಅಲ್ಲಿ ಮೀನು ನಾಶವಾದರೆ ಹೊಣೆ ಅವನದು, ಮತ್ತು ಅವನು ಬದುಕಿರುವ ತನಕ ಆ ನೀರಿಗೆ ಕಣ್ಣು ಇಳಿಬಿಡುವಂತಿಲ್ಲ. ಎಲ್ಲವನ್ನೂ ತಿಳಿದಿರುವುದಕ್ಕೇ ಸಂಬಳ ತೆಗೆದುಕೊಳ್ಳುವವನು ಹಾಗೆ ಕೇಳಿದ್ದು ಇಲ್ಲಿಯವರೆಗೆ ಇಲ್ಲವಂತೆ. ನಾನು ಕೇಳಿದೆ. ಮೆಟ್ಟಿಲನ್ನು ಸಮ ಮಾಡಿ ಕಂಬಿ ಕೂರಿಸಿದ್ದೇನೆ. ಇವತ್ತು ಸಂಜೆ ಅತ್ತೆ ದೀಪ ಹಚ್ಚುತ್ತಾರೆ.

ಇನ್ನು ನಿಮ್ಮಲ್ಲಿ ನನ್ನ ಕೋರಿಕೆ. ನಿಮ್ಮ ಕಾಲದಲ್ಲಿ ಕಾಟವ್ವನ ಕೆರೆ ಒಣಗಿ ನಿಂತಿದೆ ಎಂದು ಬಲ್ಲೆ. ದನಕರು ಬೀಳುತ್ತವೆ ಎಂದು ಅಂಗಳದ ಬಾವಿಯನ್ನು ಮಣ್ಣು ತುಂಬಿ ಮುಚ್ಚುವುದಕ್ಕೆ ನಿಮ್ಮ ಪಂಚಾಯ್ತಿಯಲ್ಲಿ ತೀರ್ಮಾನವೂ ಆಗಿದೆ. ನಿಮ್ಮ ಭಯ ಸರಿಯಾದದ್ದೇ. ಆದರೂ ಕೈಮುಗಿದು ಕೇಳುತ್ತೇನೆ, ಮುಚ್ಚಬೇಡಿ. ಸುತ್ತ ಕಲ್ಲು ಕಟ್ಟಿ, ಮುಳ್ಳು ಹಾಕಿ. ಜಾಲಿಗಳನ್ನೂ ಅವುಗಳ ಪಾಡಿಗೆ ಬಿಡಿ. ಕೆರೆ ಮತ್ತೆ ತುಂಬುತ್ತದೆ, ಮೀನು ಬರುತ್ತವೆ, ನಮ್ಮತ್ತೆ ಬಂದು ಕೂರುತ್ತಾರೆ.

ನೀರು ಬರುವ ಮೊದಲು ಆ ಬಾವಿಯೊಳಕ್ಕೆ ಬಗ್ಗಿ ನೋಡುವ ಅವಕಾಶ ನಿಮಗಿದೆ, ನಮಗಿಲ್ಲ. ಎಷ್ಟು ಆಳ, ತಳದಲ್ಲಿ ಗವಿಯಿದೆಯೋ, ಒಸರುವ ನೀರಲ್ಲಿ ಈಗಲೇ ಏನಾದರೂ ಅಲ್ಲಾಡುತ್ತಿದೆಯೋ, ನೋಡಿಕೊಳ್ಳಿ. ಏನು ಕಂಡಿತೆಂದು ಮಾತ್ರ ಎಲ್ಲಿಯೂ ಬರೆದಿಡಬೇಡಿ. ನಾನು ಹುಡುಕಿ ಓದಿಬಿಡುತ್ತೇನೆ.

ಇಂತಿ ನಿಮ್ಮ ಮುಂದಿನವನು,
ಪಾಲಯ್ಯ